ಬೀದಿಯಲ್ಲಿ ಬಿದ್ದ ಏಟಿಗೆ ಯಾವ ಕಲಂ?

ಕಸದ ಆಟೊ ನಮ್ಮ ಬೀದಿಗೆ ಬರುವುದು ಬೆಳಿಗ್ಗೆ ಏಳೂವರೆಗೆ. ಎರಡು ತಿರುವು ಆಚೆ ಇರುವಾಗಲೇ ಅದರ ಹಾಡು ಕೇಳಿಸುತ್ತದೆ, ಮನೆಮನೆಯ ಗೇಟುಗಳು ಕಿರುಗುಟ್ಟುತ್ತವೆ. ಕಳೆದ ಮಳೆಗಾಲದ ಒಂದು ದಿನ ನಾನು ಬಕೆಟ್ ಹಿಡಿದು ಹೊರಗೆ ಬಂದೆ. ಅದೇ ಹೊತ್ತಿಗೆ ಮೂರನೇ ಮನೆಯ ಎದುರು ಒಂದು ಏಟಿನ ಸದ್ದಾಯಿತು. ಆಟೊದ ಹೆಲ್ಪರ್ ಕೆನ್ನೆ ಹಿಡಿದುಕೊಂಡು ನಿಂತಿದ್ದಳು. ಅವಳ ಕಾಲ ಬುಡದಲ್ಲಿ ಒಂದು ಕಪ್ಪು ಚೀಲ ಒಡೆದು, ಅನ್ನ, ಡೈಪರ್, ಗಾಜಿನ ಚೂರು ಎಲ್ಲ ಕಲಸಿಕೊಂಡು ಚೆಲ್ಲಿತ್ತು. ಹೊಡೆದವನು ಇನ್ನೂ ಬೈಯುತ್ತಲೇ ಇದ್ದ. ಆ ಬೈಗುಳದಲ್ಲಿ ಜಾತಿಯ ಹೆಸರಿತ್ತು.

ಅವಳು ಕೇಳಿದ್ದು ಇಷ್ಟೇ: “ಹಸಿ, ಒಣ ಬೇರೆ ಮಾಡಿಕೊಡಿ ಸಾರ್. ಮಿಕ್ಸ್ ತಗೊಂಡ್ರೆ ನಮಗೇ ಬೈತಾರೆ.”

ಬೀದಿ ಗುಡಿಸುತ್ತಿದ್ದ ಇನ್ನೊಬ್ಬಳು ಪೊರಕೆ ಗೋಡೆಗೆ ಆನಿಸಿ ಓಡಿಬಂದಳು. ಆಟೊ ಡ್ರೈವರ್ ಇಳಿಯಲಿಲ್ಲ. ಇಳಿದರೆ ತನಗೂ ಬೀಳುತ್ತದೆ ಎಂಬ ಭಯವೋ, ಟ್ರಿಪ್ ತಪ್ಪುತ್ತದೆ ಎಂಬ ಭಯವೋ ತಿಳಿಯದು. ಅಕ್ಕಪಕ್ಕದ ಮನೆಯವರು ಬಾಲ್ಕನಿಯಿಂದ ನೋಡಿದರು. “ಹೋಗ್ಲಿ ಬಿಡಮ್ಮಾ, ದೊಡ್ಡದು ಮಾಡ್ಬೇಡ” ಎಂದು ಒಬ್ಬರು ಹೇಳಿದರು. ಏಟು ತಿಂದವಳಿಗೇ ನಾವು ಈ ಬುದ್ಧಿ ಹೇಳುವುದು. ಬಡವನ ಕೋಪ ದವಡೆಗೆ ಮೂಲ ಎಂಬ ಗಾದೆಯನ್ನು ಬಡವರಿಗೆ ಯಾರೂ ಕಲಿಸಬೇಕಾಗಿಲ್ಲ, ಅವರ ದವಡೆಗೇ ಅದು ಗೊತ್ತು.

“ನಡಿಯಮ್ಮ, ಠಾಣೆಗೆ ಹೋಗೋಣ” ಎಂದೆ. ಹಿಂಜರಿದಳು. ಗುಡಿಸುವವಳು ಬೆನ್ನಿಗೆ ನಿಂತಳು. ಮೂವರೂ ಹೋದೆವು.

ಠಾಣೆಯಲ್ಲಿ ಯಾರೂ ನಮ್ಮನ್ನು ಗದರಿಸಲಿಲ್ಲ, ಅದನ್ನು ಹೇಳಲೇಬೇಕು. ಕೂರಿಸಿದರು, ನೀರು ಕೊಟ್ಟರು, ದೂರು ಬರೆದುಕೊಂಡರು. ಆಮೇಲೆ ಕೇಳಿದರು: “ಇವರದ್ದು ಕಾರ್ಪೊರೇಷನ್ ಕೆಲಸಾನಾ, ಕಾಂಟ್ರ್ಯಾಕ್ಟಾ?” ಕಾಂಟ್ರ್ಯಾಕ್ಟ್ ಎಂದಳು. “ಹಾಗಾದ್ರೆ 115(2) ಆಗುತ್ತೆ. ಎನ್‌ಸಿ. ಹಿಂಬರಹ ಕೊಡ್ತೀವಿ, ತನಿಖೆ ಬೇಕಂದ್ರೆ ಕೋರ್ಟಿಂದ ಪರ್ಮಿಷನ್ ತರಬೇಕು.” ಗುಡಿಸುವವಳು ಮೆಲ್ಲಗೆ ಕೇಳಿದಳು: “ನನಗೆ ಹೊಡೆದಿದ್ರೆ?” ಅವಳ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿ ನೋಡಿ ಸಿಬ್ಬಂದಿ ಹೇಳಿದರು: “ನಿಮಗಾದ್ರೆ ಬೇರೆ ಕಲಂ. ಸರ್ಕಾರಿ ಕೆಲಸಕ್ಕೆ ಅಡ್ಡಿ.”

ಒಂದೇ ಬೀದಿ, ಒಂದೇ ಕಸ, ಒಂದೇ ಹೊತ್ತು. ಕೆನ್ನೆ ಯಾರದ್ದು ಎಂಬುದಕ್ಕಿಂತ, ಆ ಕೆನ್ನೆಗೆ ಸಂಬಳ ಕೊಡುವವರು ಯಾರು ಎಂಬುದರ ಮೇಲೆ ಕಾನೂನು ಬದಲಾಯಿತು. ಅಂದಿನಿಂದ ನನ್ನನ್ನು ಕಾಡುತ್ತಿರುವುದು ಇದೇ.

ಆ ಠಾಣೆಯ ಸಿಬ್ಬಂದಿ ಹೇಳಿದ್ದರಲ್ಲಿ ಕಾನೂನಿನ ಲೆಕ್ಕ ಬಹುಪಾಲು ಸರಿಯೇ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 132ನೇ ಕಲಂ ಹಳೆಯ 353ರ ಮರುಹುಟ್ಟು: ಕರ್ತವ್ಯದಲ್ಲಿರುವ ಸಾರ್ವಜನಿಕ ನೌಕರರ ಮೇಲೆ ಕೈಮಾಡಿದರೆ ಎರಡು ವರ್ಷದವರೆಗೆ ಶಿಕ್ಷೆ. ಗಾಯವಾದರೆ 121ನೇ ಕಲಂ. ಮೊದಲು ಮೂರು ವರ್ಷವಿದ್ದ ಗರಿಷ್ಠ ಶಿಕ್ಷೆಯನ್ನು ಹೊಸ ಸಂಹಿತೆ ಐದಕ್ಕೆ ಏರಿಸಿದೆ, ತೀವ್ರ ಗಾಯವಾದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಹತ್ತು. ಇವು ಸಂಜ್ಞೇಯ ಅಪರಾಧಗಳು. ಅಂದರೆ ಪೊಲೀಸರು ತಕ್ಷಣ ಎಫ್‌ಐಆರ್ ಹಾಕಬೇಕು, ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ.

ಉಳಿದವರ ಕೆನ್ನೆಗೆ ಇರುವುದು 115(2). ಒಂದು ವರ್ಷದವರೆಗೆ ಶಿಕ್ಷೆ, ಇಲ್ಲವೇ ಹತ್ತು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಕಾಗದದ ಮೇಲೆ ಇದೂ ಕಡಿಮೆಯೇನಲ್ಲ. ಆದರೆ ಇದು ಅಸಂಜ್ಞೇಯ, ಠಾಣೆಯ ಮಾತಿನಲ್ಲಿ ಎನ್‌ಸಿ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಡೈರಿಯಲ್ಲಿ ಒಂದು ನಮೂದು, ಕೈಗೊಂದು ಹಿಂಬರಹ. ಅದನ್ನು ಹಿಡಿದು ಕೋರ್ಟಿಗೆ ಹೋಗಿ ಅನುಮತಿ ತರಬೇಕಾದವರು ದಿನಗೂಲಿಯ ಮೇಲೆ ಬದುಕುವವರು. ಹೊಡೆದವನು ಆ ಹೊತ್ತಿಗೆ ಆಫೀಸು ತಲುಪಿ, ಕಾಫಿ ಕುಡಿದು, ಮರೆತೂಬಿಟ್ಟಿರುತ್ತಾನೆ. ಶಿಕ್ಷೆ ಎಷ್ಟು ವರ್ಷ ಎಂಬುದಕ್ಕಿಂತ ಮೊದಲ ದಿನ ಪೊಲೀಸರು ಅವನ ಮನೆಯ ಬೆಲ್ ಒತ್ತುತ್ತಾರೋ ಇಲ್ಲವೋ ಎಂಬುದೇ ಬೀದಿಯ ಕೆಲಸಗಾರರಿಗೆ ಮುಖ್ಯ.

ಗುಡಿಸುವವರು ಆ ಗುರುತಿನ ಚೀಟಿಯನ್ನು ಸುಮ್ಮನೆ ಪಡೆದದ್ದಲ್ಲ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಅವರೂ ಗುತ್ತಿಗೆದಾರರ ಮಸ್ಟರ್‌ನಲ್ಲೇ ಇದ್ದರು. ಆಮೇಲೆ ಪಾಲಿಕೆ ನೇರವಾಗಿ ಸಂಬಳ ಕೊಡತೊಡಗಿತು. 2022ರ ಜುಲೈನಲ್ಲಿ, ಕಾಯಂ ಮಾಡಿ ಎಂದು ಪೊರಕೆ ಕೆಳಗಿಟ್ಟು ಫ್ರೀಡಂ ಪಾರ್ಕ್‌ನಲ್ಲಿ ಕೂತರು. ಕಡೆಗೆ 2025ರ ಮೇ 1ರಂದು 12,692 ಪೌರಕಾರ್ಮಿಕರ ಕೈಗೆ ಕಾಯಂ ನೇಮಕಾತಿ ಪತ್ರ ಬಂತು. ಆ ಕಾಗದದೊಂದಿಗೆ ಪಿಂಚಣಿ, ರಜೆ ಬಂದವು ಎಂದು ನಾವೆಲ್ಲ ಬರೆದೆವು. ಅದರ ಜೊತೆಗೆ ಕೆನ್ನೆಗೂ ಒಂದು ಕಲಂ ಬಂತು ಎಂಬುದು ನನಗೆ ಹೊಳೆದದ್ದು ಠಾಣೆಯ ಬೆಂಚಿನ ಮೇಲೆ ಕೂತಾಗ. ಆದರೆ ಕಸ ಹೊರುವ ಆಟೊಗಳ ಡ್ರೈವರುಗಳು, ಹೆಲ್ಪರುಗಳು ಆ ಪಟ್ಟಿಯ ಹೊರಗೇ ಉಳಿದರು.

ಕಾಯಂ, ಗುತ್ತಿಗೆ ಎಂಬ ಈ ಗೆರೆ ಕಸದ ಆಟೊದಲ್ಲಿ ಮಾತ್ರ ಇಲ್ಲ. ಬೆಂಗಳೂರಿನ ಎಲೆಕ್ಟ್ರಿಕ್ ಬಸ್ ಹತ್ತಿ ನೋಡಿ. ಟಿಕೆಟ್ ಕೊಡುವ ನಿರ್ವಾಹಕರು ಬಿಎಂಟಿಸಿ ನೌಕರರು, ಸ್ಟಿಯರಿಂಗ್ ಹಿಡಿದ ಚಾಲಕರು ಕಿಲೋಮೀಟರ್ ಲೆಕ್ಕದಲ್ಲಿ ಬಸ್ ಓಡಿಸುವ ಖಾಸಗಿ ಕಂಪನಿಯವರು. ಸ್ಟಾಪ್‌ನಲ್ಲಿ ನಿಲ್ಲಿಸಲಿಲ್ಲ ಎಂದು ಯಾರಾದರೂ ಇಬ್ಬರಿಗೂ ಒಂದೊಂದು ಬಾರಿಸಿದರೆ, ಹಿಂದಿನವರಿಗೆ 132, ಮುಂದಿನವರಿಗೆ 115(2). ನಡುವೆ ಹತ್ತು ಅಡಿ. ಇದು ವಾದಕ್ಕಾಗಿ ಕಟ್ಟಿದ ಉದಾಹರಣೆಯೆಂದು ತಳ್ಳಿಹಾಕಬೇಡಿ. 2024ರ ಅಕ್ಟೋಬರ್‌ನಲ್ಲಿ ವೈಟ್‌ಫೀಲ್ಡ್ ಕಡೆ, ಬಾಗಿಲ ಬಳಿ ನಿಲ್ಲಬೇಡಿ ಎಂದದ್ದಕ್ಕೆ ಪ್ರಯಾಣಿಕನೊಬ್ಬ ಬಿಎಂಟಿಸಿ ನಿರ್ವಾಹಕರಿಗೆ ಚಾಕುವಿನಿಂದ ಇರಿದ. ಬಾಗಿಲ ಬಳಿ ನಿಲ್ಲಬೇಡಿ ಎಂದು ಚಾಲಕರೂ ದಿನಕ್ಕೆ ನೂರು ಸಲ ಹೇಳುತ್ತಾರೆ.

ಹೆದ್ದಾರಿಗೆ ಹೋಗೋಣ. 2023ರ ಜೂನ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿ ಬಳಿಯ ಟೋಲ್‌ನಲ್ಲಿ, ಅಡ್ಡಗಂಬ ಏಳುವುದು ತಡವಾಯಿತೆಂದು ಕಾರಿನವರು ಜಗಳ ತೆಗೆದರು. ಜಗಳ ಬಿಡಿಸಿ ಕಳಿಸಿದ್ದಾಯಿತು. ಅವರು ದೂರ ಹೋಗಲಿಲ್ಲ. ರಾತ್ರಿ ಊಟಕ್ಕೆಂದು ಆ ಟೋಲ್ ನೌಕರ ಹೊರಗೆ ಬಂದಾಗ ಹಾಕಿ ಸ್ಟಿಕ್‌ನಿಂದ ಹೊಡೆದು ಕೊಂದರು. ಮನೆಯ ದುಡಿಯುವ ಮಗ ಒಂದು ಅಡ್ಡಗಂಬದ ಕಾರಣಕ್ಕೆ ಹೋದ.

ಕೊಲೆಗೆ ಕಾನೂನಿದೆ, ಅಲ್ಲಿ ಯಾರೂ ನೇಮಕಾತಿ ಪತ್ರ ಕೇಳುವುದಿಲ್ಲ. ಅದಕ್ಕಿಂತ ಮುಂಚೆ, ಗೂಡಿನ ಮುಂದೆ ಕೊರಳಪಟ್ಟಿ ಹಿಡಿದ ಗಳಿಗೆಗೆ ಕಾನೂನು ಎಲ್ಲಿದೆ? ಟೋಲ್ ಗೂಡಿನಲ್ಲಿ ಕೂತವನು ಗುತ್ತಿಗೆ ಏಜೆನ್ಸಿಯ ಹುಡುಗ. ಆದರೆ ಅವನು ವಸೂಲು ಮಾಡುವ ಶುಲ್ಕ ಕೇಂದ್ರ ಸರ್ಕಾರ ರಾಜ್ಯಪತ್ರದಲ್ಲಿ ಹೊರಡಿಸಿದ್ದು, 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳ ಪ್ರಕಾರ ಲೆಕ್ಕ ಹಾಕಿದ್ದು. ಫಾಸ್ಟ್ಯಾಗ್‌ನಲ್ಲಿ ದುಡ್ಡಿಲ್ಲದಿದ್ದರೆ ನಗದಿನಲ್ಲಿ ದುಪ್ಪಟ್ಟು ಕೇಳಬೇಕು ಎಂಬ ನಿಯಮ ತಂದದ್ದು ಅವನಲ್ಲ. ದುಪ್ಪಟ್ಟು ಎಂಬ ಮಾತನ್ನು ಕಾರಿನ ಕಿಟಕಿಯ ಹತ್ತಿರ ಬಗ್ಗಿ ಹೇಳಬೇಕಾದವನು ಮಾತ್ರ ಅವನು. ಸರ್ಕಾರದ ಮೇಲಿನ ಸಿಟ್ಟು ದೆಹಲಿಯವರೆಗೆ ಹೋಗುವುದಿಲ್ಲ, ಕಿಟಕಿಯಲ್ಲಿ ಬಗ್ಗಿದ ಮುಖಕ್ಕೇ ಬೀಳುತ್ತದೆ. 2023ರ ಅಕ್ಟೋಬರ್‌ನಲ್ಲಿ ಹೆದ್ದಾರಿ ಪ್ರಾಧಿಕಾರ ಟೋಲ್‌ಗಳಿಗೆ ಒಂದು ಕಾರ್ಯವಿಧಾನ ಹೊರಡಿಸಿತು. ಮೇಲ್ವಿಚಾರಕರ ಮೈಮೇಲೆ ಕ್ಯಾಮೆರಾ, ಸಿಬ್ಬಂದಿಗೆ ಸಮಾಧಾನದ ತರಬೇತಿ, ಗಲಾಟೆಯಾದರೆ ಪೊಲೀಸರಿಗೆ ತಿಳಿಸುವುದು. ಒಳ್ಳೆಯದೇ. ಆದರೆ ಏಟು ತಿನ್ನುವವರಿಗೆ ಸಮಾಧಾನ ಕಲಿಸುವುದರಿಂದ ಶುರು ಮಾಡಿದ್ದು ನನಗೆ ಹಿಡಿಸಲಿಲ್ಲ.

ಇನ್ನು, ಕಾನೂನಿಗೆ ‘ಯಾರ ಸಂಬಳ’ ಎಂದು ಕೇಳುವುದು ಬಿಟ್ಟು ‘ಯಾರ ಕೆಲಸ’ ಎಂದು ಕೇಳಲು ಬರುವುದೇ ಇಲ್ಲವೇ? ಬರುತ್ತದೆ. ಲಂಚದ ವಿಷಯದಲ್ಲಿ ಚೆನ್ನಾಗಿಯೇ ಬರುತ್ತದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆ ‘ಸಾರ್ವಜನಿಕ ಕರ್ತವ್ಯ’ವನ್ನು ವಿವರಿಸುವಾಗ, ಸರ್ಕಾರಕ್ಕೋ ಜನರಿಗೋ ಸಮುದಾಯಕ್ಕೋ ಯಾವ ಕರ್ತವ್ಯದಲ್ಲಿ ಹಿತಾಸಕ್ತಿ ಇದೆಯೋ ಅದು ಎಂದು ಹೇಳುತ್ತದೆ. ಸರ್ಕಾರ ನೇಮಿಸಿರಲಿ ಬಿಡಲಿ, ಅಂಥ ಕರ್ತವ್ಯದ ಹುದ್ದೆಯಲ್ಲಿದ್ದರೆ ಸಾರ್ವಜನಿಕ ನೌಕರರೇ. ಇದೇ ಕಾಯ್ದೆಯಡಿ 2020ರಲ್ಲಿ ಸುಪ್ರೀಂ ಕೋರ್ಟ್, ಗುಜರಾತಿನ ಒಂದು ಡೀಮ್ಡ್ ವಿಶ್ವವಿದ್ಯಾಲಯದ ಟ್ರಸ್ಟಿಯೂ ಸಾರ್ವಜನಿಕ ನೌಕರರ ವ್ಯಾಖ್ಯೆಯೊಳಗೆ ಬರುತ್ತಾರೆ ಎಂದಿತು. ಆ ತೀರ್ಪು ಸರಿಯಾದದ್ದೇ. ಲಂಚ ಪಡೆದ ಕೈಯನ್ನು ಹಿಡಿಯುವಾಗ ಕಾನೂನು ಕೆಲಸವನ್ನು ನೋಡುತ್ತದೆ. ಕಸ ಎತ್ತಿದ ಕೈಗೆ ಏಟು ಬಿದ್ದಾಗ ಮಾತ್ರ ಸಂಬಳದ ಚೀಟಿಯನ್ನು ನೋಡುತ್ತದೆ.

ರಕ್ಷಣೆಯ ವಿಷಯದಲ್ಲೂ ಒಮ್ಮೆ ಸಂಬಳದ ಚೀಟಿ ಪಕ್ಕಕ್ಕಿಟ್ಟ ಉದಾಹರಣೆಯಿದೆ. ಕೋವಿಡ್ ಕಾಲದಲ್ಲಿ ಮನೆಮನೆಗೆ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ, ವೈದ್ಯರ ಮೇಲೆ ದೇಶದ ಹಲವೆಡೆ ಹಲ್ಲೆಗಳಾದವು. ಬೆಂಗಳೂರಿನಲ್ಲೂ ಆದವು. 2020ರ ಏಪ್ರಿಲ್ 22ರಂದು ಕೇಂದ್ರ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದಿತು. ಹಲ್ಲೆಗೆ ಮೂರು ತಿಂಗಳಿಂದ ಐದು ವರ್ಷ, ತೀವ್ರ ಗಾಯಕ್ಕೆ ಆರು ತಿಂಗಳಿಂದ ಏಳು ವರ್ಷ ಶಿಕ್ಷೆ. ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯಿಂದ 30 ದಿನದಲ್ಲಿ ತನಿಖೆ, ಒಂದು ವರ್ಷದಲ್ಲಿ ವಿಚಾರಣೆ ಮುಗಿಸುವ ಗುರಿ, ಹೊಡೆದವರಿಂದಲೇ ಪರಿಹಾರ. ಆಶಾ ಕಾರ್ಯಕರ್ತೆಯರು ಸರ್ಕಾರದ ಲೆಕ್ಕದಲ್ಲಿ ನೌಕರರೇ ಅಲ್ಲ, ಗೌರವಧನ ಪಡೆಯುವ ಸ್ವಯಂಸೇವಕಿಯರು. ಆದರೂ ಸಮುದಾಯ ಆರೋಗ್ಯ ಕಾರ್ಯಕರ್ತರೆಂಬ ಒಂದೇ ಪದದಿಂದ ಆ ರಕ್ಷಣೆಯೊಳಗೆ ಬಂದರು. ಭಯ ಮೇಲಿನವರೆಗೂ ತಟ್ಟಿದಾಗ ಕಾನೂನು ಎಷ್ಟು ಬೇಗ ಬರೆಯಲು ಬರುತ್ತದೆ ನೋಡಿ!

ಸ್ಕಾಟ್ಲೆಂಡ್ 2021ರಲ್ಲಿ ಅಂಗಡಿ ಕೆಲಸಗಾರರಿಗೆ ಇಂಥದ್ದೊಂದು ಕಾಯ್ದೆ ಮಾಡಿತು. ಅವರ ಮೇಲಿನ ಹಲ್ಲೆ, ಬೆದರಿಕೆ, ನಿಂದನೆ ಪ್ರತ್ಯೇಕ ಅಪರಾಧ. ಮದ್ಯ, ಸಿಗರೇಟು ಕೊಡುವ ಮುನ್ನ ವಯಸ್ಸಿನ ದಾಖಲೆ ಕೇಳಬೇಕಾದ ಹೊತ್ತಿನಲ್ಲಿ ಹಲ್ಲೆಯಾದರೆ ಅದನ್ನು ಇನ್ನೂ ಗಂಭೀರವಾಗಿ ಎಣಿಸಬೇಕು ಎಂದು ಅದರಲ್ಲಿದೆ. ಅಂಗಡಿ ಖಾಸಗಿ, ನೌಕರ ಖಾಸಗಿ. ಆದರೆ ಆ ನೌಕರ ಜಾರಿ ಮಾಡುತ್ತಿರುವುದು ಸರ್ಕಾರದ ನಿಯಮ ಎಂಬುದನ್ನು ಕಾನೂನು ಗುರುತಿಸಿತು. ನಮ್ಮ ಬೀದಿಯ ಹೆಲ್ಪರ್ ಹಸಿ ಕಸ ಬೇರೆ ಮಾಡಿ ಎಂದದ್ದೂ ಅದೇ ಬಗೆಯ ಮಾತು. ಅವಳ ಮನೆಯ ನಿಯಮ ಅಲ್ಲ ಅದು.

ಮತ್ತೆ ಠಾಣೆಯ ಬೆಂಚಿಗೆ ಬರುತ್ತೇನೆ. ಅಲ್ಲಿ ಒಂದು ದೊಡ್ಡ ಲೋಪವಾಯಿತು, ಅದನ್ನು ನಾನೂ ಆ ಹೊತ್ತಿಗೆ ಹಿಡಿಯಲಿಲ್ಲ. ಹೊಡೆದವನು ಜಾತಿ ಹಿಡಿದು ಬೈದಿದ್ದ. ಅವಳು ಪರಿಶಿಷ್ಟ ಜಾತಿಯವಳು. ಈ ನಗರದ ಕಸ ಹೊರುವವರಲ್ಲಿ ಬಹುಪಾಲು ಜನ ದಲಿತರು ಎಂಬುದು ಯಾರಿಗೆ ಗೊತ್ತಿಲ್ಲ? 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಲ್ಲಿ, ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾತಿಯ ಹೆಸರು ಹಿಡಿದು ಬೈದರೆ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. ನಿರೀಕ್ಷಣಾ ಜಾಮೀನಿಗೆ ಅವಕಾಶ ಇಲ್ಲ. ಡಿವೈಎಸ್‌ಪಿ ದರ್ಜೆಯ ಅಧಿಕಾರಿ ತನಿಖೆ ಮಾಡಬೇಕು. ಮನೆಯ ನಾಲ್ಕು ಗೋಡೆಯೊಳಗೆ, ಹೊರಗಿನವರು ಇಲ್ಲದಾಗ ಆಡಿದ ಮಾತು ಈ ಕಲಮಿನೊಳಗೆ ಬರುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಬೀದಿಯ ಕೆಲಸಗಾರರಿಗೆ ಅಂಥ ತೊಡಕೇ ಇಲ್ಲ. ಅವರಿಗೆ ಆಗುವ ಅವಮಾನವೆಲ್ಲ ಹತ್ತು ಬಾಲ್ಕನಿಗಳ ಮುಂದೆಯೇ ಆಗುತ್ತದೆ. ಗುತ್ತಿಗೆಯೋ ಕಾಯಮ್ಮೋ ಎಂಬ ಪ್ರಶ್ನೆಯನ್ನೂ ಈ ಕಾಯ್ದೆ ಕೇಳುವುದಿಲ್ಲ.

ಆದರೆ ಠಾಣೆಯಲ್ಲಿ ಬರೆದುಕೊಂಡ ದೂರಿನಲ್ಲಿ ‘ಅವಾಚ್ಯ ಶಬ್ದಗಳಿಂದ ಬೈದು’ ಎಂದಷ್ಟೇ ಇತ್ತು. ಆ ಎರಡು ಪದ ಕರ್ನಾಟಕದ ಎಷ್ಟು ದೂರುಗಳಲ್ಲಿ ಎಷ್ಟು ಜಾತಿನಿಂದನೆಗಳನ್ನು ಮುಚ್ಚಿಟ್ಟಿವೆಯೋ! ಬರೆದುಕೊಂಡವರು ಬೇಕೆಂದೇ ಹಾಗೆ ಮಾಡಿದರು ಎನ್ನಲಾರೆ, ಅದು ಕೈಗೆ ಹತ್ತಿದ ರೂಢಿ. ಅವಳಿಗೂ ಆ ಪದವನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಬೈದವನಿಗೆ ಇರಬೇಕಾದ ನಾಚಿಕೆ ಬೈಸಿಕೊಂಡವಳ ಪಾಲಿಗೆ ಬಂದಿತ್ತು. ಎರಡು ದಿನ ಬಿಟ್ಟು ನನಗೆ ಇದು ಹೊಳೆದು, ಮರುಹೇಳಿಕೆ ಕೊಡೋಣವೇ ಎಂದರೆ, “ಬ್ಯಾಡ ಮೇಡಂ, ಅದೇ ಬೀದೀಲಿ ದಿನಾ ಬರ್ಬೇಕು” ಎಂದಳು. 2025ರಲ್ಲಿ ರಾಜ್ಯದ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದಡಿ ಇಂಥ ಪ್ರಕರಣಗಳಿಗೆಂದೇ 33 ವಿಶೇಷ ಠಾಣೆಗಳಾಗಿವೆ. ಆ ಠಾಣೆಗಳ ಹೆಸರು ಕೆಲಸಗಾರರು ಹಾಜರಿ ಹಾಕುವ ಮಸ್ಟರಿಂಗ್ ಪಾಯಿಂಟ್‌ನ ಗೋಡೆಯ ಮೇಲೆ, ಮೇಸ್ತ್ರಿಯ ಫೋನಿನಲ್ಲಿ ಇರಬೇಕು.

ಇಷ್ಟು ಹೊತ್ತು ಹೊಡೆದವರು ನಾಗರಿಕರು ಎಂದುಕೊಂಡು ಬರೆದೆ. ತಳ್ಳುಗಾಡಿಯವರ ಕತೆ ತಿರುಗುಮುರುಗು. ಅವರ ಮೇಲೆ ಬೀಳುವ ಲಾಠಿ ಸರ್ಕಾರದ್ದೇ, ಉರುಳುವ ತಕ್ಕಡಿ ಪಾಲಿಕೆಯ ಲಾರಿಗೇ ಹೋಗುವುದು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಈ ದೇಶದ ಒಳ್ಳೆಯ ಕಾಯ್ದೆಗಳಲ್ಲಿ ಒಂದು ಎಂದು ನಾನು ನಂಬುತ್ತೇನೆ. ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಕ್ಕೆ 30 ದಿನದ ನೋಟಿಸ್ ಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಕೊಡಬೇಕು. ದಂಡ ಕಟ್ಟಿದ ಮೇಲೆ, ಕೊಳೆಯುವ ಪದಾರ್ಥವನ್ನು ಕೇಳಿದ ದಿನವೇ, ಉಳಿದದ್ದನ್ನು ಎರಡು ಕೆಲಸದ ದಿನದೊಳಗೆ ಹಿಂದಿರುಗಿಸಬೇಕು. ಊರಿನ ಮಾರಾಟ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. 27ನೇ ಕಲಂ ಅಂತೂ ಸ್ಪಷ್ಟ: ಪ್ರಮಾಣಪತ್ರದಂತೆ ವ್ಯಾಪಾರ ಮಾಡುವವರನ್ನು ಪೊಲೀಸರಾಗಲಿ, ಇನ್ಯಾವುದೇ ಪ್ರಾಧಿಕಾರವಾಗಲಿ, ಯಾರೇ ಆಗಲಿ ತಡೆಯುವಂತಿಲ್ಲ.

ಮುಂದಿನ ಕಲಂ ಓದಿ. 28ನೆಯದು ದಂಡದ ಕಲಂ. ಯಾರಿಗೆ ದಂಡ? ವ್ಯಾಪಾರಿಗೆ. ಪ್ರಮಾಣಪತ್ರವಿಲ್ಲದೆ ಮಾರಿದರೆ, ಗೊತ್ತುಮಾಡಿದ ಜಾಗ ಬಿಟ್ಟು ಮಾರಿದರೆ ಎರಡು ಸಾವಿರ ರೂಪಾಯಿಯವರೆಗೆ. 27ನೇ ಕಲಂ ಮುರಿದು ಟೊಮೆಟೊ ಬುಟ್ಟಿಗೆ ಬೂಟುಗಾಲು ಹಾಕಿದವರಿಗೆ ಈ ಕಾಯ್ದೆಯಲ್ಲಿ ಒಂದು ರೂಪಾಯಿ ದಂಡವೂ ಇಲ್ಲ. ಬೇರೆ ಕಾನೂನಿನಡಿ ಕೇಸು ಹಾಕಬಹುದಲ್ಲ ಎನ್ನಬಹುದು. ಅಧಿಕಾರಿ ಕರ್ತವ್ಯದ ಭಾಗವಾಗಿ ಮಾಡಿದೆ ಎಂದರೆ, ವಿಚಾರಣೆಗೆ ಸರ್ಕಾರದ ಪೂರ್ವಾನುಮತಿ ಬೇಕೆಂಬ ಗೋಡೆ ಎದುರಾಗುತ್ತದೆ. ಸೊಪ್ಪು ಮಾರುವವಳು ಆ ಗೋಡೆ ಹತ್ತಬೇಕಂತೆ. 28ನೇ ಕಲಮಿಗೆ ಒಂದೇ ಒಂದು ಉಪಕಲಂ ಸೇರಿಸಿದರೆ ಸಾಕು, ಈ ಕಾಯ್ದೆಗೆ ಹಲ್ಲು ಬರುತ್ತದೆ.

ಇಲ್ಲಿಯೇ ನನ್ನ ಭಯವನ್ನೂ ಹೇಳಿಬಿಡಬೇಕು. ಕಠಿಣ ಕಾನೂನು ಮಾಡಿ ಎಂದು ಕೂಗುವುದು ಸುಲಭ, ಆಮೇಲೆ ಅದು ಯಾರ ಕೈಯಲ್ಲಿ ಇರುತ್ತದೆ? ಹಳೆಯ 353 ಬೆಂಗಳೂರಿನಲ್ಲೇ ಹೇಗೆ ಬಳಕೆಯಾಯಿತು ನೋಡಿ. 2013ರಲ್ಲಿ ಒಬ್ಬ ಮಹಿಳೆಯ ಕಾರು ಆಟೊಗೆ ತಾಗಿತು. ಠಾಣೆಯಲ್ಲಿ ಅಧಿಕಾರಿ ಒರಟಾಗಿ ನಡೆದುಕೊಂಡರು ಎಂದು ಆಕೆಯೂ ಗಂಡನೂ ಸಂಚಾರ ಪೊಲೀಸರ ಫೇಸ್‌ಬುಕ್ ಪುಟದಲ್ಲಿ ಬರೆದರು. ಅವರ ಮೇಲೆ 353, ಜೊತೆಗೆ ಬೆದರಿಕೆಯ 506 ಹಾಕಲಾಯಿತು. ಫೇಸ್‌ಬುಕ್‌ನಲ್ಲಿ ಬರೆಯುವುದು ಹಲ್ಲೆಯೂ ಅಲ್ಲ, ಬಲಪ್ರಯೋಗವೂ ಅಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಆ ಎಫ್‌ಐಆರ್ ರದ್ದು ಮಾಡಬೇಕಾಯಿತು. ನೆರೆಯ ಮಹಾರಾಷ್ಟ್ರ 2017ರ ತಿದ್ದುಪಡಿ ಕಾಯ್ದೆಯಲ್ಲಿ ಇದೇ ಕಲಮಿನ ಶಿಕ್ಷೆಯನ್ನು ಐದು ವರ್ಷಕ್ಕೆ ಏರಿಸಿತು. ಆಮೇಲೆ, ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸಲು ಅದು ಬಳಕೆಯಾಗುತ್ತಿದೆ ಎಂಬ ದೂರು ಅಲ್ಲಿಯೇ ಎದ್ದಿತು. ನಾಳೆ ಧರಣಿ ಕೂತ ಪೌರಕಾರ್ಮಿಕರ ಮೇಲೇ ‘ಕರ್ತವ್ಯಕ್ಕೆ ಅಡ್ಡಿ’ ಬೀಳುವುದಿಲ್ಲ ಎಂದು ಯಾರು ಹೇಳಬಲ್ಲರು?

ಹಾಗಾಗಿ ನಾನು ವರ್ಷಗಳನ್ನು ಏರಿಸಿ ಎನ್ನುವುದಿಲ್ಲ. ಇರುವ ವರ್ಷಗಳು ಸಾಕು. ಸಾರ್ವಜನಿಕ ಕೆಲಸ ಮಾಡುವವರ ಮೇಲಿನ ಹಲ್ಲೆಯನ್ನು, ಅವರಿಗೆ ಸಂಬಳ ಯಾರೇ ಕೊಡಲಿ, ಸಂಜ್ಞೇಯ ಮಾಡಿ. ಕಸ ಎತ್ತುವವರು, ರಸ್ತೆ ಗುಂಡಿ ಮುಚ್ಚುವ ಗ್ಯಾಂಗಿನವರು, ಕಂಬ ಹತ್ತುವ ಲೈನ್‌ಮನ್‌ಗಳು, ಟೋಲ್ ಗೂಡಿನವರು, ಬಸ್ಸಿನ ಚಾಲಕರು ಎಂದು ಕಾಯ್ದೆಯಲ್ಲೇ ಹೆಸರಿಸಿ. ಮೈಮೇಲೆ ಕೈ ಬಿದ್ದರೆ ಅಥವಾ ಕೈ ಎತ್ತಿ ಬೆದರಿಸಿದರೆ ಮಾತ್ರ ಈ ಕಲಂ, ಬರೀ ಮಾತಿಗೆ, ದೂರಿಗೆ, ವಿಡಿಯೊ ಮಾಡಿದ್ದಕ್ಕೆ ಅಲ್ಲ ಎಂದು ಅದೇ ಕಲಮಿನ ಕೆಳಗೆ ಬರೆಯಿರಿ. ಜಾತಿನಿಂದನೆಗೆ ಪ್ರತ್ಯೇಕ ಕಾಯ್ದೆ ಇದ್ದೇ ಇದೆ.

ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ದೂರು ಕೊಡುವ ಹೊರೆ ಏಟು ತಿಂದವರ ತಲೆಯ ಮೇಲೆ ಇರಬಾರದು. ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ವೈದ್ಯೆಯೊಬ್ಬರ ಕೊಲೆಯಾದ ಬಳಿಕ, 2024ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಂದು ಆದೇಶ ಹೊರಡಿಸಿತು. ಕರ್ತವ್ಯದಲ್ಲಿರುವ ವೈದ್ಯಕೀಯ ಸಿಬ್ಬಂದಿಯ ಮೇಲೆ ಹಲ್ಲೆಯಾದರೆ ಆರು ಗಂಟೆಯೊಳಗೆ ಸಂಸ್ಥೆಯೇ ಎಫ್‌ಐಆರ್ ದಾಖಲಿಸಬೇಕು, ಅದಕ್ಕೆ ಸಂಸ್ಥೆಯ ಮುಖ್ಯಸ್ಥರೇ ಹೊಣೆ. ಅದೇ ಆರು ಗಂಟೆಯನ್ನು ಬೀದಿಗೂ ತನ್ನಿ. ಹೆಲ್ಪರ್ ಮೇಲೆ ಕೈಮಾಡಿದರೆ ವಾರ್ಡಿನ ಆರೋಗ್ಯ ನಿರೀಕ್ಷಕರು, ಟೋಲ್‌ನವನ ಮೇಲೆ ಕೈಮಾಡಿದರೆ ಪ್ರಾಧಿಕಾರದ ಅಧಿಕಾರಿ ಠಾಣೆಗೆ ಹೋಗಬೇಕು. ದೂರುದಾರ ಸಂಸ್ಥೆಯಾದಾಗ ‘ರಾಜಿ ಮಾಡ್ಕೊಳ್ಳಿ’ ಎಂಬ ಮಾತು ಅಷ್ಟು ಸುಲಭವಾಗಿ ಬರುವುದಿಲ್ಲ. ಹೊಡೆದವನು ಮಧ್ಯಾಹ್ನ ಬಂದು ಕೊಡುವ ಪ್ರತಿದೂರಿಗೂ, ‘ಅವಳೇ ಮೊದಲು ಬೈದಳು’ ಎಂಬ ಆ ಹಳೆಯ ವಾಕ್ಯಕ್ಕೂ, ಬಲ ಕಡಿಮೆಯಾಗುತ್ತದೆ.

ಈ ವಿಷಯವನ್ನು ಗೆಳೆಯರ ಜೊತೆ ಮಾತಾಡಿದಾಗಲೆಲ್ಲ ಯಾರಾದರೂ ಒಬ್ಬರು, “ಹೊಡೆದವನಿಗೆ ಒಂದು ವಾರ ಬೀದಿ ಗುಡಿಸಲು ಹಾಕಬೇಕು” ಎನ್ನುತ್ತಾರೆ. ಹೊಸ ನ್ಯಾಯ ಸಂಹಿತೆ ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯನ್ನು ಶಿಕ್ಷೆಯಾಗಿ ತಂದಿರುವುದರಿಂದ ಈ ಮಾತಿಗೆ ಈಗ ಬಲವೂ ಬಂದಿದೆ. ಅವರ ಕಳಕಳಿ ಅರ್ಥವಾಗುತ್ತದೆ. ಆದರೆ ನನಗೆ ಸಂಕಟವಾಗುತ್ತದೆ. ಒಬ್ಬಳ ಜೀವಮಾನದ ದುಡಿಮೆ ಇನ್ನೊಬ್ಬನಿಗೆ ಶಿಕ್ಷೆಯಾಗುವುದೆಂದರೆ, ಆ ದುಡಿಮೆ ಶಿಕ್ಷೆಯೆಂದೇ ನಾವು ಒಪ್ಪಿದಂತಾಯಿತಲ್ಲ? ಅವನು ದಂಡ ಕಟ್ಟಲಿ, ಆ ದುಡ್ಡು ಅವಳಿಗೆ ಹೋಗಲಿ. ಪೊರಕೆಯನ್ನು ಅದರ ಪಾಡಿಗೆ ಬಿಡಿ.

ಪರಿಹಾರದ ಮಾತೂ ಕೆಲಸಗಾರರ ಕಾನೂನಿನಲ್ಲಿ ಇದ್ದೇ ಇದೆ, ಹುಡುಕಿ ಬಳಸುವವರು ಕಡಿಮೆ. ಕೆಲಸದ ಅವಧಿಯಲ್ಲಿ, ಕೆಲಸದ ಕಾರಣದಿಂದ ಆದ ಅಪಘಾತಕ್ಕೆ ಮಾಲೀಕರು ಪರಿಹಾರ ಕೊಡಬೇಕು. ಹೊಡೆತ ಅಪಘಾತ ಹೇಗಾಗುತ್ತದೆ ಎಂದು ಕೇಳಬಹುದು. ನಾಗಾಲ್ಯಾಂಡ್‌ನ ದಿಮಾಪುರದಲ್ಲಿ ಪ್ರಯಾಣಿಕರ ಸೋಗಿನಲ್ಲಿ ಬಂದವರು ಒಬ್ಬ ಆಟೊ ಚಾಲಕನನ್ನು ಕೊಂದು ಆಟೊ ಕದ್ದೊಯ್ದರು. ಆ ಪ್ರಕರಣದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟ್ ಇದೇ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಕೊಂದವರ ಮುಖ್ಯ ಉದ್ದೇಶ ಆಟೊ ಕದಿಯುವುದು, ಕೊಲೆ ಅದರ ನಡುವೆ ಆದದ್ದು, ಚಾಲಕನ ಪಾಲಿಗೆ ಅದು ದುಡಿಮೆಯ ನಡುವೆ ಬಂದೆರಗಿದ ಅಪಘಾತವೇ ಎಂದು ಹೇಳಿ, ಆತನ ಕುಟುಂಬಕ್ಕೆ ಪರಿಹಾರದ ಹಕ್ಕು ಎತ್ತಿಹಿಡಿಯಿತು. ಟೋಲ್ ಗೂಡಿನ ಜಗಳವನ್ನೂ, ಕಸದ ಆಟೊದ ಏಟನ್ನೂ ಇದೇ ಕಣ್ಣಿನಿಂದ ನೋಡಲು ಯಾರ ಅಡ್ಡಿಯೂ ಇರಬಾರದು.

ಮನೆಬಾಗಿಲಿಗೆ ಊಟ ತರುವ ಹುಡುಗರ ಬಗ್ಗೆಯೂ ಒಂದು ಮಾತು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಸಾಮಾಜಿಕ ಭದ್ರತೆಯ ಕಾಯ್ದೆ ಮಾಡಿದೆ. ಪ್ರತಿ ವಹಿವಾಟಿನ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಅವರಿಗೊಂದು ಮಂಡಳಿ. ಲಿಫ್ಟ್ ಬಳಸಬೇಡ ಎನ್ನುವ, ತಡವಾಯಿತೆಂದು ಕೈ ಎತ್ತುವ ಅಪಾರ್ಟ್‌ಮೆಂಟ್‌ಗಳ ವಿಚಾರದಲ್ಲಿ ಆ ಮಂಡಳಿ ದೂರುದಾರನಾಗಿ ನಿಲ್ಲಲಿ. ಆ್ಯಪ್ ಕಂಪನಿ ಆ ಹುಡುಗನ ಐಡಿ ಬ್ಲಾಕ್ ಮಾಡುವ ಮುನ್ನ ಏಟು ತಿಂದವನು ಯಾರು ಎಂದು ಕೇಳಲಿ.

ನಮ್ಮ ಬೀದಿಯ ಪ್ರಕರಣ ಈಗಲೂ ಹಿಂಬರಹದ ಕಾಗದದಲ್ಲೇ ಇದೆ. ಆ ಕಾಗದವನ್ನು ಅವಳು ರೇಷನ್ ಕಾರ್ಡ್ ಇಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಮಡಿಚಿಟ್ಟಿದ್ದಾಳೆ. ಹೊಡೆದವನ ಮನೆಯ ಕಸ ಈಗ ಬೇರೆ ಬೇರೆಯಾಗಿಯೇ ಬರುತ್ತದೆ, ಅವನು ಮಾತ್ರ ಕೆಳಗಿಳಿಯುವುದಿಲ್ಲ, ಕೆಲಸದವಳ ಕೈಯಲ್ಲಿ ಕಳಿಸುತ್ತಾನೆ. ವಕೀಲರೊಬ್ಬರು ದುಡ್ಡಿಲ್ಲದೆ ಅರ್ಜಿ ಹಾಕಿಕೊಡಲು ಒಪ್ಪಿದ್ದಾರೆ. ಮೊನ್ನೆ ಆ ವಿಷಯ ಹೇಳಿದೆ. ಅವಳು ಬಕೆಟ್ ಬಗ್ಗಿಸಿ, ಖಾಲಿ ಮಾಡಿ, ಗೇಟಿನ ಒಳಗಿಟ್ಟು ಕೇಳಿದಳು:

“ಠಾಣೆಗೆ ಬಂದ ದಿನ ಆಬ್ಸೆಂಟ್ ಹಾಕಿ ಸಂಬಳ ಕಟ್ ಮಾಡಿದ್ರು ಮೇಡಂ. ಕೋರ್ಟಿಗೆ ಬಂದ್ರೆ ಅದೂ ಆಬ್ಸೆಂಟಾ?”